ಕೋಳಿಗಳಲ್ಲಿ ವೈರಾಣುಜನ್ಯ ಗಡ್ಡೆ ರೋಗ: ಪ್ರತಿಕಾಯ ವರ್ಣಪರೀಕ್ಷೆಯ ಮೂಲಕ ರೋಗನಿರ್ಣಯ

(ಕೋಳಿ ಸಾಕಾಣಿಕೆದಾರರು ಹಾಗೂ ಪರೀಕ್ಷಾ ಸೇವೆ ಕೋರುವ ಅರ್ಜಿದಾರರ ಮಾಹಿತಿಗಾಗಿ)

1. ಪ್ರಸ್ತಾವನೆ

ಮೊಟ್ಟೆ ಕೋಳಿಗಳ ಹಿಂಡೊಂದು ಹದಿನೆಂಟು ವಾರಗಳ ವಯಸ್ಸಿಗೆ ಬರುವ ವೇಳೆಗೆ ಮರಿಯ ಬೆಲೆ, ಆಹಾರ, ಔಷಧ, ವಿದ್ಯುತ್ ಮತ್ತು ಕೂಲಿಯ ರೂಪದಲ್ಲಿ ಸಾಕಾಣಿಕೆದಾರರ ಬಂಡವಾಳದ ಬಹುಭಾಗ ವ್ಯಯವಾಗಿರುತ್ತದೆ. ಆದಾಯ ಮಾತ್ರ ಇನ್ನೂ ಆರಂಭವಾಗಿರುವುದಿಲ್ಲ. ಇಂತಹ ಸಮಯದಲ್ಲಿ ಪ್ರತಿದಿನ ಎರಡು ಮೂರು ಕೋಳಿಗಳು ಸೊರಗಿ ಸಾಯತೊಡಗಿ, ಹೊಟ್ಟೆ ಸೀಳಿ ನೋಡಿದಾಗ ಯಕೃತ್ತು, ಗುಲ್ಮ ಮತ್ತು ಅಂಡಾಶಯಗಳಲ್ಲಿ ಬಿಳಿಯ ಗಡ್ಡೆಗಳು ಕಂಡುಬಂದಲ್ಲಿ, ಅದು ಯಾವ ರೋಗ ಎಂಬ ಪ್ರಶ್ನೆಗೆ ಖಚಿತ ಉತ್ತರ ದೊರೆಯುವುದು ಅತ್ಯವಶ್ಯಕ. ಮುಂದಿನ ಹಿಂಡಿಗೆ ಲಸಿಕೆಯ ಕ್ರಮವನ್ನು ಬದಲಿಸಬೇಕೇ, ಮರಿ ಖರೀದಿಸುವ ಮೂಲವನ್ನೇ ಬದಲಿಸಬೇಕೇ, ಶೆಡ್ಡನ್ನು ಎಷ್ಟು ದಿನ ಖಾಲಿ ಬಿಡಬೇಕು ಎಂಬ ನಿರ್ಧಾರಗಳೆಲ್ಲವೂ ಆ ಉತ್ತರವನ್ನೇ ಅವಲಂಬಿಸಿವೆ.

ಬರಿಗಣ್ಣಿಗೆ ಒಂದೇ ರೀತಿ ಕಾಣುವ ಈ ಗಡ್ಡೆಗಳು ಬೇರೆ ಬೇರೆ ವೈರಾಣುಗಳಿಂದ ಉಂಟಾಗಿರಬಹುದು. ಇವುಗಳನ್ನು ಪ್ರತ್ಯೇಕಿಸಲು ಬಳಸುವ ವಿಧಾನಗಳಲ್ಲಿ ಅಂಗಾಂಶದ ಮೇಲೆ ನಡೆಸುವ ಪ್ರತಿಕಾಯ ವರ್ಣಪರೀಕ್ಷೆಯು ಪ್ರಮುಖವಾದುದಾಗಿದೆ. ಪ್ರಯೋಗಾಲಯದ ವರದಿಗಳಲ್ಲಿ ಇದನ್ನು ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂದು ನಮೂದಿಸಲಾಗುತ್ತದೆ. ಈ ಪರೀಕ್ಷೆಯ ತತ್ವ, ಮಾದರಿ ಸಲ್ಲಿಸುವ ಕ್ರಮ ಹಾಗೂ ವರದಿಯನ್ನು ಅರ್ಥೈಸುವ ವಿಧಾನವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಗಡ್ಡೆ ಉಂಟುಮಾಡುವ ಪ್ರಮುಖ ವೈರಾಣು ರೋಗಗಳು

2.1 ಮ್ಯಾರೆಕ್ಸ್ ರೋಗ

ಹಂಗೇರಿ ದೇಶದ ಪಶುವೈದ್ಯ ಯೋಝೆಫ್ ಮಾರೆಕ್ ಅವರು 1907ರಲ್ಲಿ ಕಾಲು ಮತ್ತು ರೆಕ್ಕೆಗಳ ಸ್ವಾಧೀನ ಕಳೆದುಕೊಂಡ ಹುಂಜಗಳಲ್ಲಿ ಈ ರೋಗವನ್ನು ಮೊದಲು ವಿವರಿಸಿದರು. ಇದು ಹರ್ಪಿಸ್ ಗುಂಪಿನ ವೈರಾಣುವಿನಿಂದ ಬರುತ್ತದೆ ಎಂಬುದು 1967ರಲ್ಲಿ ಇಂಗ್ಲೆಂಡಿನಲ್ಲಿ ಚರ್ಚಿಲ್ ಮತ್ತು ಬಿಗ್ಸ್ ಅವರ ಸಂಶೋಧನೆಯಿಂದ ತಿಳಿದುಬಂದಿತು. ಈ ವೈರಾಣು ಗರಿಯ ಬುಡದ ಕೋಶಗಳಲ್ಲಿ ಪೂರ್ಣವಾಗಿ ಬೆಳೆದು, ಉದುರುವ ಚರ್ಮದ ಹೊಟ್ಟು ಮತ್ತು ಧೂಳಿನೊಂದಿಗೆ ಹೊರಬೀಳುತ್ತದೆ. ಆ ಧೂಳನ್ನು ಉಸಿರಾಡಿದ ಮರಿಗಳಿಗೆ ಸೋಂಕು ತಗಲುತ್ತದೆ. ಶೆಡ್ಡಿನ ಧೂಳಿನಲ್ಲಿ ವೈರಾಣು ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು. ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕ ಮರಿಗೆ ಇದು ಹರಡುವುದಿಲ್ಲ.

ಸೋಂಕಿನ ಮೊದಲ ವಾರದಲ್ಲಿ ವೈರಾಣು ಮುಖ್ಯವಾಗಿ ಬಿ ಜೀವಕೋಶಗಳನ್ನು ನಾಶಮಾಡುತ್ತದೆ. ನಂತರ ಟಿ ಜೀವಕೋಶಗಳಲ್ಲಿ ಸುಪ್ತವಾಗಿ ನೆಲೆಸಿ, ಕೆಲವು ಕೋಳಿಗಳಲ್ಲಿ ಅದೇ ಟಿ ಜೀವಕೋಶಗಳನ್ನು ಗಡ್ಡೆಯಾಗಿ ಪರಿವರ್ತಿಸುತ್ತದೆ.

2.2 ಲಿಂಫಾಯ್ಡ್ ಲ್ಯುಕೋಸಿಸ್

ಇದು ರೆಟ್ರೋ ಗುಂಪಿನ ಏವಿಯನ್ ಲ್ಯುಕೋಸಿಸ್ ವೈರಾಣುವಿನಿಂದ ಬರುವ ರೋಗವಾಗಿದೆ. ಕೋಳಿಯ ರಕ್ತಕಣಗಳ ಕ್ಯಾನ್ಸರ್ ಅನ್ನು ಜೀವಕೋಶರಹಿತ ಸೋಸಿದ ದ್ರವದಿಂದ ಹರಡಬಹುದೆಂದು ಡೆನ್ಮಾರ್ಕಿನ ಎಲ್ಲರ್ಮನ್ ಮತ್ತು ಬಾಂಗ್ ಅವರು 1908ರಲ್ಲಿಯೇ ತೋರಿಸಿಕೊಟ್ಟಿದ್ದರು. ಈ ವೈರಾಣು ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕ ಮರಿಗೆ ಬರುತ್ತದೆ. ಮರಿಯಿಂದ ಮರಿಗೆ ಸಂಪರ್ಕದ ಮೂಲಕವೂ ಹರಡುತ್ತದೆ. ಗಡ್ಡೆಯು ಗುದದ್ವಾರದ ಸಮೀಪವಿರುವ ಬರ್ಸಾ ಎಂಬ ಅಂಗದ ಬಿ ಜೀವಕೋಶಗಳಲ್ಲಿ ಹುಟ್ಟಿ, ನಂತರ ಯಕೃತ್ತು ಮೊದಲಾದ ಅಂಗಗಳಿಗೆ ಹರಡುತ್ತದೆ. ಸಾಮಾನ್ಯವಾಗಿ ಹದಿನಾಲ್ಕು ವಾರಗಳಿಗಿಂತ ಮೊದಲು ಗಡ್ಡೆ ಕಾಣಿಸಿಕೊಳ್ಳುವುದಿಲ್ಲ. ಈ ರೋಗಕ್ಕೆ ಬಳಕೆಯಲ್ಲಿರುವ ಲಸಿಕೆ ಇಲ್ಲ.

2.3 ರೆಟಿಕ್ಯುಲೋಎಂಡೋಥೀಲಿಯೋಸಿಸ್

ಇದೂ ರೆಟ್ರೋ ಗುಂಪಿಗೆ ಸೇರಿದ ಮತ್ತೊಂದು ವೈರಾಣುವಿನಿಂದ ಬರುತ್ತದೆ. ಕೋಳಿಗಳಲ್ಲಿ ಇದರ ಗಡ್ಡೆಗಳು ಅಪರೂಪ. ಆದರೆ ಅವು ಕೆಲವೊಮ್ಮೆ ಬಿ ಜೀವಕೋಶಗಳಿಂದಲೂ ಕೆಲವೊಮ್ಮೆ ಟಿ ಜೀವಕೋಶಗಳಿಂದಲೂ ಉಂಟಾಗುವುದರಿಂದ ಮೇಲಿನ ಎರಡೂ ರೋಗಗಳನ್ನು ಹೋಲುತ್ತವೆ. ರೋಗನಿರ್ಣಯದ ಸಮಯದಲ್ಲಿ ಇದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

3. ನಿಖರ ರೋಗನಿರ್ಣಯ ಏಕೆ ಅಗತ್ಯ?

ಈ ಮೂರೂ ರೋಗಗಳಿಗೆ ಚಿಕಿತ್ಸೆ ಇಲ್ಲ. ಹಾಗಿರುವಾಗ ಪರೀಕ್ಷೆಗೆ ವೆಚ್ಚ ಮಾಡುವುದರಿಂದ ಪ್ರಯೋಜನವೇನು ಎಂದು ಸಾಕಾಣಿಕೆದಾರರು ಕೇಳುವುದು ಸಹಜ. ಪರೀಕ್ಷೆಯ ಪ್ರಯೋಜನವು ಮುಖ್ಯವಾಗಿ ಮುಂದಿನ ಹಿಂಡಿಗೆ ಸಂಬಂಧಿಸಿದ್ದು ಎಂಬುದನ್ನು ಗಮನಿಸತಕ್ಕದ್ದು.

(ಅ) ಮ್ಯಾರೆಕ್ಸ್ ರೋಗ ಎಂದು ದೃಢಪಟ್ಟಲ್ಲಿ, ಲಸಿಕೆ ಹಾಕಲಾಗಿತ್ತೇ, ಸರಿಯಾಗಿ ಸಂಗ್ರಹಿಸಿ ಸಕಾಲದಲ್ಲಿ ಹಾಕಲಾಗಿತ್ತೇ, ಮೊದಲ ವಾರದಲ್ಲಿ ಮರಿಗಳು ಹಳೆಯ ಧೂಳಿಗೆ ಒಡ್ಡಿಕೊಂಡಿದ್ದವೇ ಎಂಬುದನ್ನು ಪರಿಶೀಲಿಸಬೇಕು.

(ಆ) ಲಿಂಫಾಯ್ಡ್ ಲ್ಯುಕೋಸಿಸ್ ಎಂದು ದೃಢಪಟ್ಟಲ್ಲಿ, ಮ್ಯಾರೆಕ್ಸ್ ಲಸಿಕೆಯನ್ನು ಎಷ್ಟು ಬಾರಿ ಬದಲಿಸಿದರೂ ಪ್ರಯೋಜನವಾಗುವುದಿಲ್ಲ. ದೋಷವಿರುವುದು ಮರಿಗಳ ಮೂಲದಲ್ಲಿ, ಅಂದರೆ ತಾಯಿ ಹಿಂಡಿನಲ್ಲಿ. ಸೋಂಕುಮುಕ್ತ ತಾಯಿ ಹಿಂಡಿನಿಂದ ಮರಿ ಪಡೆಯುವುದೇ ಇದಕ್ಕೆ ಮಾರ್ಗ.

(ಇ) ಸಾಕಾಣಿಕೆದಾರರು ಮತ್ತು ಮರಿ ಪೂರೈಕೆದಾರರ ನಡುವೆ ಭಿನ್ನಾಭಿಪ್ರಾಯ ಉಂಟಾದಾಗ, ಪ್ರಯೋಗಾಲಯದ ವರದಿಯು ಊಹೆಗಿಂತ ಬಲವಾದ ಆಧಾರವಾಗುತ್ತದೆ. ತಪ್ಪು ನಿರ್ಣಯದಿಂದ ನಿರಪರಾಧಿಯಾದ ಪೂರೈಕೆದಾರರ ಮೇಲೆ ಆರೋಪ ಬರುವ ಸಾಧ್ಯತೆಯೂ, ಸಾಕಾಣಿಕೆದಾರರು ತಮ್ಮದಲ್ಲದ ತಪ್ಪಿಗೆ ನಷ್ಟ ಹೊರುವ ಸಾಧ್ಯತೆಯೂ ಇರುತ್ತದೆ.

4. ಸಾಕಾಣಿಕೆದಾರರ ಗಮನಕ್ಕೆ ಬರುವ ಲಕ್ಷಣಗಳು

ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸುವುದು.

- ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಕೋಳಿ ಕುಸಿದು ಬೀಳುವುದು. ರೆಕ್ಕೆ ಅಥವಾ ಕುತ್ತಿಗೆ ಜೋತುಬೀಳುವುದು.
- ಕಣ್ಣಿನ ಪಾಪೆಯ ಸುತ್ತಲಿನ ಬಣ್ಣ ಮಾಸಿ ಬೂದಿಯಾಗುವುದು, ಪಾಪೆಯ ಅಂಚು ಅಂಕುಡೊಂಕಾಗುವುದು.
- ಚರ್ಮದಲ್ಲಿ ಗರಿಯ ಬುಡಗಳು ಗಂಟುಗಟ್ಟಿ ದಪ್ಪನಾಗುವುದು.
- ಆಹಾರವಿದ್ದರೂ ಸೊರಗುವುದು, ಎದೆಯ ಮೂಳೆ ಕತ್ತಿಯಂತೆ ಎದ್ದು ಕಾಣುವುದು, ಜುಟ್ಟು ಬಿಳಿಚಿಕೊಳ್ಳುವುದು.
- ಹೊಟ್ಟೆ ಊದಿಕೊಂಡು, ಮುಟ್ಟಿದಾಗ ದೊಡ್ಡದಾದ ಯಕೃತ್ತು ಕೈಗೆ ತಗಲುವುದು.

ಇವುಗಳಲ್ಲಿ ಕಾಲಿನ ಸ್ವಾಧೀನ ತಪ್ಪುವುದು, ಕಣ್ಣು ಬೂದಿಯಾಗುವುದು ಮತ್ತು ಗರಿಯ ಬುಡ ಗಂಟುಗಟ್ಟುವುದು ಮ್ಯಾರೆಕ್ಸ್ ರೋಗದ ಕಡೆಗೆ ಬೆರಳು ತೋರಿಸುತ್ತವೆ. ಆದರೆ ಕೊಕ್ಕರೆ ರೋಗ ಹಾಗೂ ಬಿ-2 ಜೀವಸತ್ವದ ಕೊರತೆಯಲ್ಲಿಯೂ ಕಾಲಿನ ಸ್ವಾಧೀನ ತಪ್ಪಬಹುದು. ಸೊರಗುವಿಕೆ ಮತ್ತು ಯಕೃತ್ತಿನ ಊತ ಎಲ್ಲ ಗಡ್ಡೆ ರೋಗಗಳಿಗೂ ಸಾಮಾನ್ಯ. ಆದುದರಿಂದ ಲಕ್ಷಣಗಳ ಆಧಾರದ ಮೇಲೆ ಮಾತ್ರ ತೀರ್ಮಾನಕ್ಕೆ ಬರಬಾರದು.

ವಿಶೇಷ ಎಚ್ಚರಿಕೆ: ಕೋಳಿಗಳು ಹಠಾತ್ತನೆ ದೊಡ್ಡ ಸಂಖ್ಯೆಯಲ್ಲಿ ಸತ್ತಲ್ಲಿ ಹಕ್ಕಿಜ್ವರದ ಸಾಧ್ಯತೆಯನ್ನು ಮೊದಲು ಪರಿಗಣಿಸಬೇಕು. ಭಾರತದಲ್ಲಿ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ ಈ ಜ್ವರ ದೃಢಪಟ್ಟಿತ್ತು. ಇಂತಹ ಸಂದರ್ಭದಲ್ಲಿ ಸತ್ತ ಕೋಳಿಗಳನ್ನು ಸ್ವತಃ ಕೊಯ್ದು ನೋಡುವುದಾಗಲಿ, ಬೇರೆಡೆಗೆ ಸಾಗಿಸುವುದಾಗಲಿ ಕೂಡದು. ಕೂಡಲೇ ಪಶುವೈದ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು.

5. ಪರೀಕ್ಷೆಯ ತತ್ವ

ಶರೀರದೊಳಗೆ ಹೊರಗಿನ ವಸ್ತು ಪ್ರವೇಶಿಸಿದಾಗ ಅದನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು ಉತ್ಪತ್ತಿಯಾಗುತ್ತದೆ. ಇದೇ ಪ್ರತಿಕಾಯ. ಯಾವ ವಸ್ತುವಿಗಾಗಿ ಪ್ರತಿಕಾಯ ತಯಾರಾಗಿದೆಯೋ ಅದಕ್ಕೆ ಮಾತ್ರ ಅದು ಬಿಗಿಯಾಗಿ ಅಂಟುತ್ತದೆ. ಒಂದು ಬೀಗಕ್ಕೆ ಒಂದೇ ಬೀಗದ ಕೈ ಎಂಬಂತಹ ಈ ಗುಣವನ್ನೇ ಪರೀಕ್ಷೆಯಲ್ಲಿ ಬಳಸಿಕೊಳ್ಳಲಾಗುತ್ತದೆ. ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಜೋಡಿಸಿ ಅಂಗಾಂಶದಲ್ಲಿ ರೋಗಾಣುವನ್ನು ಹುಡುಕುವ ವಿಧಾನವನ್ನು ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಹೊಳೆಯುವ ಬಣ್ಣದ ಬದಲು ಕಿಣ್ವವನ್ನು ಜೋಡಿಸುವ ಕ್ರಮ ಬಂದುದರಿಂದ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಫಲಿತಾಂಶ ನೋಡುವುದು ಸಾಧ್ಯವಾಯಿತು. ಒಂದೇ ಗುರಿಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ತಂತ್ರವನ್ನು 1975ರಲ್ಲಿ ಕೊಹ್ಲರ್ ಮತ್ತು ಮಿಲ್‌ಸ್ಟೈನ್ ಅವರು ಕಂಡುಹಿಡಿದರು.

ಸಾಮಾನ್ಯ ವರ್ಣಲೇಪನದಲ್ಲಿ ಗಡ್ಡೆಯ ಜೀವಕೋಶಗಳೆಲ್ಲವೂ ನೀಲಿ ಗುಲಾಬಿ ಬಣ್ಣದಲ್ಲಿ ಕಾಣುತ್ತವೆ. ಅವುಗಳ ಆಕಾರ, ಗಾತ್ರಗಳು ತಿಳಿಯುತ್ತವೆಯೇ ಹೊರತು ಅವು ಟಿ ಜೀವಕೋಶಗಳೋ ಬಿ ಜೀವಕೋಶಗಳೋ ಎಂಬುದು ಖಚಿತವಾಗುವುದಿಲ್ಲ. ಪ್ರತಿಕಾಯ ವರ್ಣಪರೀಕ್ಷೆಯಲ್ಲಿ ಗುರಿಯ ಪ್ರೋಟೀನು ಇರುವ ಜೀವಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲದ ಜೀವಕೋಶ ನೀಲಿಯಾಗಿಯೇ ಉಳಿಯುತ್ತದೆ. ಹೀಗೆ ಪ್ರೋಟೀನು ಇದೆಯೇ ಎಂಬುದರ ಜೊತೆಗೆ ಅದು ಯಾವ ಜೀವಕೋಶದಲ್ಲಿದೆ ಎಂಬುದೂ ತಿಳಿಯುವುದು ಈ ಪರೀಕ್ಷೆಯ ವಿಶೇಷ.

ಟಿ ಮತ್ತು ಬಿ ಎಂಬ ಹೆಸರುಗಳ ಪೈಕಿ ಬಿ ಎಂಬುದು ಕೋಳಿಯ ಬರ್ಸಾ ಅಂಗದಿಂದಲೇ ಬಂದಿದೆ. ಬರ್ಸಾ ತೆಗೆದ ಕೋಳಿಗಳಲ್ಲಿ ಪ್ರತಿಕಾಯಗಳು ಸರಿಯಾಗಿ ಉತ್ಪತ್ತಿಯಾಗುವುದಿಲ್ಲವೆಂದು 1956ರಲ್ಲಿ ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು ತೋರಿಸಿದ್ದರು. ಟಿ ಎಂಬುದು ಥೈಮಸ್ ಗ್ರಂಥಿಯನ್ನು ಸೂಚಿಸುತ್ತದೆ.

6. ಪರೀಕ್ಷೆಯಲ್ಲಿ ಬಳಸುವ ಪ್ರಮುಖ ಪ್ರತಿಕಾಯಗಳು

6.1 ಮೆಕ್ ಪ್ರತಿಕಾಯ: ಮೆಕ್ ಎಂಬುದು ಮ್ಯಾರೆಕ್ಸ್ ವೈರಾಣುವಿನ ಗಡ್ಡೆಕಾರಕ ಪ್ರೋಟೀನು. ಇದರ ವಂಶವಾಹಿಯನ್ನು 1992ರಲ್ಲಿ ವರದಿ ಮಾಡಲಾಯಿತು. ಮ್ಯಾರೆಕ್ಸ್ ಗಡ್ಡೆಯ ಜೀವಕೋಶಗಳ ಕೇಂದ್ರದಲ್ಲಿ ಇದು ನಿಯತವಾಗಿ ಕಂಡುಬರುವುದರಿಂದ, ಗಡ್ಡೆಗೂ ಈ ವೈರಾಣುವಿಗೂ ಇರುವ ಸಂಬಂಧವನ್ನು ಸ್ಥಾಪಿಸಲು ಇದು ಅತ್ಯಂತ ಉಪಯುಕ್ತ ಗುರುತಾಗಿದೆ. ಟರ್ಕಿ ಕೋಳಿಯ ಹರ್ಪಿಸ್ ವೈರಾಣುವಿನಿಂದ ತಯಾರಿಸಿದ ಎಚ್.ವಿ.ಟಿ. ಲಸಿಕೆಯಲ್ಲಿ ಮೆಕ್ ಇರುವುದಿಲ್ಲ.

6.2 ಪಿಪಿ38 ಪ್ರತಿಕಾಯ: ವೈರಾಣು ಸಕ್ರಿಯವಾಗಿ ವೃದ್ಧಿಯಾಗುತ್ತಿರುವ ಜೀವಕೋಶಗಳಲ್ಲಿ ಪಿಪಿ38 ಕಾಣುತ್ತದೆ. ಗಡ್ಡೆಯ ಬಹುಪಾಲು ಜೀವಕೋಶಗಳಲ್ಲಿ ವೈರಾಣು ಸುಪ್ತವಾಗಿರುವುದರಿಂದ ಅಲ್ಲಿ ಇದು ವಿರಳ. ಪಿಪಿ38 ಮಾತ್ರ ಕಂಡುಬಂದಲ್ಲಿ ಸೋಂಕು ಇದೆ ಎಂದು ಹೇಳಬಹುದು. ಗಡ್ಡೆಗೆ ಅದೇ ಕಾರಣ ಎಂದು ಹೇಳಲಾಗದು.

6.3 ಸಿ.ಡಿ.3 ಮತ್ತು ಸಿ.ಡಿ.4 ಪ್ರತಿಕಾಯಗಳು: ಸಿ.ಡಿ.3 ಟಿ ಜೀವಕೋಶಗಳ ಗುರುತು. ಮ್ಯಾರೆಕ್ಸ್ ಗಡ್ಡೆಯ ಜೀವಕೋಶಗಳು ಹೆಚ್ಚಾಗಿ ಸಿ.ಡಿ.4 ಇರುವ ಟಿ ಜೀವಕೋಶಗಳು. ಕೋಳಿಯ ಸಿ.ಡಿ.4 ಗುರುತಿಸುವ ಹಲವು ಪ್ರತಿಕಾಯಗಳು ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶದ ಮೇಲೆ ಕೆಲಸ ಮಾಡುವುದಿಲ್ಲ. ಅವುಗಳಿಗೆ ಹೆಪ್ಪುಗಟ್ಟಿಸಿದ ತಾಜಾ ಅಂಗಾಂಶವೇ ಬೇಕು. ಸಿ.ಡಿ.3 ಪ್ರತಿಕಾಯಗಳಲ್ಲಿ ಕೆಲವನ್ನು ಫಾರ್ಮಲಿನ್ ಮಾದರಿಯ ಮೇಲೆಯೂ ಬಳಸಬಹುದು.

6.4 ಐಜಿಎಂ ಮತ್ತು ಪ್ಯಾಕ್ಸ್5 ಪ್ರತಿಕಾಯಗಳು: ಇವು ಬಿ ಜೀವಕೋಶಗಳ ಗುರುತುಗಳು. ಲಿಂಫಾಯ್ಡ್ ಲ್ಯುಕೋಸಿಸ್ ಗಡ್ಡೆಯ ಜೀವಕೋಶಗಳ ಮೇಲ್ಮೈಯಲ್ಲಿ ಐಜಿಎಂ ಇರುತ್ತದೆ.

6.5 ಪಿ27 ಪ್ರತಿಕಾಯ: ಇದು ಲ್ಯುಕೋಸಿಸ್ ವೈರಾಣುವಿನ ಪ್ರೋಟೀನನ್ನು ಗುರುತಿಸುತ್ತದೆ. ಆದರೆ ಅನೇಕ ಕೋಳಿಗಳ ವಂಶವಾಹಿಯಲ್ಲಿಯೇ ಇದೇ ಗುಂಪಿನ ನಿರುಪದ್ರವಿ ವೈರಾಣುವಿನ ಅಂಶಗಳು ಸೇರಿಕೊಂಡಿದ್ದು, ಅವೂ ಪಿ27 ಉತ್ಪಾದಿಸಬಲ್ಲವು. ಆದುದರಿಂದ ಈ ಫಲಿತಾಂಶವನ್ನು ಪ್ರತ್ಯೇಕವಾಗಿ ಪರಿಗಣಿಸುವಂತಿಲ್ಲ.

7. ಪ್ರಯೋಗಾಲಯದಲ್ಲಿ ಅನುಸರಿಸುವ ಹಂತಗಳು

(1) ಅಂಗಾಂಶವನ್ನು ಶೇಕಡ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಸಾಮಾನ್ಯವಾಗಿ 24ರಿಂದ 48 ಗಂಟೆಗಳ ಕಾಲ ಇಡಲಾಗುತ್ತದೆ.
(2) ನೀರಿನಂಶ ತೆಗೆದು ಪ್ಯಾರಾಫಿನ್ ಮೇಣದಲ್ಲಿ ಅಚ್ಚು ಮಾಡಿ, ಸುಮಾರು 3ರಿಂದ 5 ಮೈಕ್ರಾನ್ ದಪ್ಪದ ಪದರಗಳಾಗಿ ಕತ್ತರಿಸಿ ಗಾಜಿನ ಪಟ್ಟಿಯ ಮೇಲೆ ಕೂರಿಸಲಾಗುತ್ತದೆ.
(3) ಮೊದಲು ಸಾಮಾನ್ಯ ವರ್ಣಲೇಪನ ಮಾಡಿ ಗಡ್ಡೆ ಇರುವುದನ್ನು ರೋಗಶಾಸ್ತ್ರಜ್ಞರು ಖಚಿತಪಡಿಸಿಕೊಳ್ಳುತ್ತಾರೆ.
(4) ಫಾರ್ಮಲಿನ್‌ನಿಂದ ಮರೆಯಾದ ಗುರಿಗಳನ್ನು ತೆರೆಯಲು ಪದರವನ್ನು ಸಿಟ್ರೇಟ್‌ನಂತಹ ದ್ರಾವಣದಲ್ಲಿ ಬಿಸಿ ಮಾಡಲಾಗುತ್ತದೆ.
(5) ಅಂಗಾಂಶದಲ್ಲಿ ಸಹಜವಾಗಿರುವ ಪೆರಾಕ್ಸಿಡೇಸ್ ಚಟುವಟಿಕೆಯನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತಡೆಯಲಾಗುತ್ತದೆ. ಹೀಗೆ ಮಾಡದಿದ್ದಲ್ಲಿ ಕೆಂಪು ರಕ್ತಕಣಗಳೂ ಕಂದು ಬಣ್ಣಕ್ಕೆ ತಿರುಗಿ ತಪ್ಪು ಎಣಿಕೆಗೆ ಅವಕಾಶವಾಗುತ್ತದೆ.
(6) ಗುರಿಯ ಪ್ರೋಟೀನಿಗೆ ಅಂಟುವ ಮೊದಲ ಪ್ರತಿಕಾಯವನ್ನೂ, ತೊಳೆದ ನಂತರ ಅದಕ್ಕೆ ಅಂಟುವ ಕಿಣ್ವಸಹಿತ ಎರಡನೆಯ ಪ್ರತಿಕಾಯವನ್ನೂ ಹಾಕಲಾಗುತ್ತದೆ.
(7) ಡಿ.ಎ.ಬಿ. ಎಂಬ ರಾಸಾಯನಿಕ ಹಾಕಿದಾಗ ಕಿಣ್ವವಿರುವೆಡೆ ಕಂದು ಬಣ್ಣ ಮೂಡುತ್ತದೆ. ಉಳಿದ ಭಾಗಕ್ಕೆ ಹಿಮಟಾಕ್ಸಿಲಿನ್‌ನಿಂದ ನೀಲಿ ಬಣ್ಣ ಕೊಡಲಾಗುತ್ತದೆ.
(8) ಪ್ರತಿ ಬಾರಿಯೂ ರೋಗವಿದೆ ಎಂದು ಖಚಿತವಿರುವ ಒಂದು ಪದರ ಮತ್ತು ಮೊದಲ ಪ್ರತಿಕಾಯ ಹಾಕದ ಒಂದು ಪದರವನ್ನು ಹೋಲಿಕೆಗಾಗಿ ಜೊತೆಯಲ್ಲಿಯೇ ಪರೀಕ್ಷಿಸಲಾಗುತ್ತದೆ. ಇವೆರಡೂ ನಿರೀಕ್ಷಿತ ಫಲಿತಾಂಶ ನೀಡದಿದ್ದಲ್ಲಿ ಆ ಬಾರಿಯ ಪರೀಕ್ಷೆಯನ್ನು ಪರಿಗಣಿಸುವುದಿಲ್ಲ.

ಈ ಹಂತಗಳನ್ನು ಅವಸರದಿಂದ ಮುಗಿಸಲು ಸಾಧ್ಯವಿಲ್ಲ. ಮಾದರಿ ನೀಡಿದ ದಿನವೇ ಅಥವಾ ಮರುದಿನವೇ ವರದಿ ನೀಡುವಂತೆ ಒತ್ತಾಯಿಸಬಾರದೆಂದು ಅರ್ಜಿದಾರರಲ್ಲಿ ಕೋರಲಾಗಿದೆ.

8. ಮಾದರಿ ಸಲ್ಲಿಸುವ ಕ್ರಮ

8.1 ಮೊದಲು ಸ್ಥಳೀಯ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಿ, ಅವರ ಪತ್ರದೊಂದಿಗೆ ಮಾದರಿಯನ್ನು ಕಳುಹಿಸುವುದು. ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಾಣಿ ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ, ಬೆಂಗಳೂರು, ಬೀದರ್, ಶಿವಮೊಗ್ಗ ಹಾಗೂ ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳೂ ಇವೆ. ಪ್ರತಿಕಾಯ ವರ್ಣಪರೀಕ್ಷೆಗೆ ವಿಶೇಷ ಸಾಮಗ್ರಿ ಬೇಕಿರುವುದರಿಂದ ಇದು ಎಲ್ಲೆಡೆ, ಎಲ್ಲ ಕಾಲದಲ್ಲಿ ಲಭ್ಯವಿರುವುದಿಲ್ಲ. ಮಾದರಿ ತೆಗೆಯುವ ಮುನ್ನವೇ ಪರೀಕ್ಷೆಯ ಲಭ್ಯತೆ ಮತ್ತು ಶುಲ್ಕವನ್ನು ಪಶುವೈದ್ಯಾಧಿಕಾರಿಗಳ ಮೂಲಕ ವಿಚಾರಿಸಿಕೊಳ್ಳತಕ್ಕದ್ದು. ಶುಲ್ಕ ಪಾವತಿಸಿದಲ್ಲಿ ತಪ್ಪದೇ ರಸೀದಿ ಪಡೆಯುವುದು.

8.2 ಸಾಧ್ಯವಾದಷ್ಟೂ ರೋಗಲಕ್ಷಣವಿರುವ ನಾಲ್ಕೈದು ಜೀವಂತ ಕೋಳಿಗಳನ್ನು ಪಶುವೈದ್ಯರಿಗೆ ತೋರಿಸುವುದು. ಸತ್ತು ಹಲವು ಗಂಟೆಗಳು ಕಳೆದ ಕೋಳಿಯ ಅಂಗಾಂಶ ಕೊಳೆಯತೊಡಗುವುದರಿಂದ ವರ್ಣಪರೀಕ್ಷೆಗೆ ಅಷ್ಟಾಗಿ ಒದಗುವುದಿಲ್ಲ.

8.3 ಮರಣೋತ್ತರ ಪರೀಕ್ಷೆಯಲ್ಲಿ ಸಂಗ್ರಹಿಸಬೇಕಾದ ಅಂಗಾಂಶಗಳು: ಗಡ್ಡೆ ಮತ್ತು ಅದರ ಪಕ್ಕದ ಆರೋಗ್ಯವಂತ ಭಾಗ, ಯಕೃತ್ತು, ಗುಲ್ಮ, ಮೂತ್ರಪಿಂಡ, ಅಂಡಾಶಯ ಅಥವಾ ವೃಷಣ, ಬರ್ಸಾ, ಎಡ ಮತ್ತು ಬಲ ತೊಡೆಯ ಸಿಯಾಟಿಕ್ ನರಗಳು, ಗರಿಯ ಬುಡವಿರುವ ಚರ್ಮ. ಗಡ್ಡೆಯನ್ನು ಮಾತ್ರ ಕಳುಹಿಸಿ ಬರ್ಸಾ ಹಾಗೂ ನರಗಳನ್ನು ಬಿಟ್ಟುಬಿಡುವುದು ಮಾದರಿ ಸಂಗ್ರಹಣೆಯ ದೊಡ್ಡ ಲೋಪ. ಮ್ಯಾರೆಕ್ಸ್ ರೋಗದಲ್ಲಿ ನರವು ಊದಿ ಹೊಳಪು ಕಳೆದುಕೊಂಡಿರುತ್ತದೆ. ಲಿಂಫಾಯ್ಡ್ ಲ್ಯುಕೋಸಿಸ್‌ನಲ್ಲಿ ಬರ್ಸಾದಲ್ಲಿ ಗಂಟು ಇರುತ್ತದೆ. ಈ ಎರಡು ಅಂಗಗಳಿಲ್ಲದೆ ವರದಿ ಅಪೂರ್ಣವಾಗುತ್ತದೆ.

8.4 ಅಂಗಾಂಶದ ತುಂಡುಗಳು 5 ಮಿಲಿಮೀಟರ್‌ಗಿಂತ ದಪ್ಪವಿರಬಾರದು. ಅಂಗಾಂಶದ ಗಾತ್ರಕ್ಕಿಂತ ಕನಿಷ್ಠ ಹತ್ತು ಪಟ್ಟು ಫಾರ್ಮಲಿನ್ ಇರಬೇಕು. ಅಗಲ ಬಾಯಿಯ, ಸೋರದ ಡಬ್ಬಿ ಬಳಸುವುದು. ಇಡೀ ಯಕೃತ್ತನ್ನು ಡಬ್ಬಿಗೆ ತುರುಕಿದರೆ ಫಾರ್ಮಲಿನ್ ಒಳಭಾಗಕ್ಕೆ ತಲುಪದೆ ಅಂಗಾಂಶ ಕೊಳೆಯುತ್ತದೆ. ಫಾರ್ಮಲಿನ್ ವಿಷಕಾರಿ, ಕೈಗವಸು ಧರಿಸಿ ಬಳಸತಕ್ಕದ್ದು, ಮಕ್ಕಳಿಗೆ ಎಟುಕದಂತೆ ಇಡತಕ್ಕದ್ದು.

8.5 ಫಾರ್ಮಲಿನ್‌ನಲ್ಲಿಟ್ಟ ಮಾದರಿಯನ್ನು ಫ್ರೀಜರ್‌ನಲ್ಲಿ ಇಡಬಾರದು. ವಾರಗಟ್ಟಲೆ ಫಾರ್ಮಲಿನ್‌ನಲ್ಲಿಯೇ ಉಳಿದ ಮಾದರಿಯಲ್ಲಿ ಪ್ರತಿಕಾಯ ಅಂಟುವ ಗುಣ ಕುಂದುವುದರಿಂದ ಶೀಘ್ರವಾಗಿ ತಲುಪಿಸುವುದು.

8.6 ಪಿ.ಸಿ.ಆರ್. ಪರೀಕ್ಷೆಗಾಗಿ ಅದೇ ಗಡ್ಡೆಯ ಇನ್ನೊಂದು ತುಂಡನ್ನು ಫಾರ್ಮಲಿನ್ ಹಾಕದೆ, ಪ್ರತ್ಯೇಕ ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು ಕಳುಹಿಸುವುದು.

8.7 ಮನವಿಯಲ್ಲಿ ನಮೂದಿಸಬೇಕಾದ ವಿವರಗಳು:

- ಸಾಕಾಣಿಕೆದಾರರ ಹೆಸರು, ಗ್ರಾಮ, ತಾಲ್ಲೂಕು ಮತ್ತು ಜಿಲ್ಲೆ
- ಕೋಳಿಗಳ ತಳಿ, ಒಟ್ಟು ಸಂಖ್ಯೆ ಮತ್ತು ವಾರಗಳಲ್ಲಿ ವಯಸ್ಸು
- ಮರಿ ಖರೀದಿಸಿದ ದಿನಾಂಕ ಮತ್ತು ಮೂಲ
- ಮ್ಯಾರೆಕ್ಸ್ ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಹಾಕಿದ ದಿನಾಂಕ
- ಮೊದಲ ಸಾವು ಸಂಭವಿಸಿದ ದಿನಾಂಕ ಮತ್ತು ದಿನವಾರು ಸಾವಿನ ಸಂಖ್ಯೆ
- ಕಾಲಿನ ಸ್ವಾಧೀನ ತಪ್ಪಿದ ಕೋಳಿಗಳಿದ್ದಲ್ಲಿ ಅವುಗಳ ಸಂಖ್ಯೆ

ವಯಸ್ಸಿನ ವಿವರ ಅತ್ಯಂತ ಮುಖ್ಯವಾದುದು. ಎಂಟು ವಾರದ ಕೋಳಿಯಲ್ಲಿ ಗಡ್ಡೆ ಕಂಡುಬಂದಲ್ಲಿ ಲಿಂಫಾಯ್ಡ್ ಲ್ಯುಕೋಸಿಸ್ ಸಾಧ್ಯತೆ ಬಹುಮಟ್ಟಿಗೆ ದೂರವಾಗುತ್ತದೆ.

9. ವರದಿಯನ್ನು ಅರ್ಥೈಸುವ ವಿಧಾನ

(ಅ) ಸಿ.ಡಿ.3 ಧನಾತ್ಮಕ, ಮೆಕ್ ಧನಾತ್ಮಕ, ಐಜಿಎಂ ಋಣಾತ್ಮಕ: ಗಡ್ಡೆ ಟಿ ಜೀವಕೋಶಗಳದ್ದು ಮತ್ತು ಅವುಗಳಲ್ಲಿ ಮ್ಯಾರೆಕ್ಸ್ ವೈರಾಣುವಿನ ಗಡ್ಡೆಕಾರಕ ಪ್ರೋಟೀನು ಇದೆ. ಮ್ಯಾರೆಕ್ಸ್ ರೋಗದ ನಿರ್ಣಯಕ್ಕೆ ಇದು ಬಲವಾದ ಆಧಾರ.

(ಆ) ಐಜಿಎಂ ಅಥವಾ ಪ್ಯಾಕ್ಸ್5 ಧನಾತ್ಮಕ, ಸಿ.ಡಿ.3 ಹಾಗೂ ಮೆಕ್ ಋಣಾತ್ಮಕ, ಬರ್ಸಾದಲ್ಲಿ ಗಂಟು ಇದೆ: ಲಿಂಫಾಯ್ಡ್ ಲ್ಯುಕೋಸಿಸ್ ಸಾಧ್ಯತೆ ಹೆಚ್ಚು. ಆದರೆ ರೆಟಿಕ್ಯುಲೋಎಂಡೋಥೀಲಿಯೋಸಿಸ್ ಸಹ ಇದೇ ಚಿತ್ರವನ್ನು ನೀಡಬಹುದಾದುದರಿಂದ ಎರಡೂ ವೈರಾಣುಗಳಿಗೆ ಪಿ.ಸಿ.ಆರ್. ಪರೀಕ್ಷೆ ಅಗತ್ಯ.

(ಇ) ಸಿ.ಡಿ.3 ಧನಾತ್ಮಕ, ಮೆಕ್ ಋಣಾತ್ಮಕ: ಟಿ ಜೀವಕೋಶದ ಗಡ್ಡೆಯಾಗಿದ್ದರೂ ಮ್ಯಾರೆಕ್ಸ್ ಎಂದು ಹೇಳಲಾಗದು. ಮಾದರಿ ಹಾಳಾಗಿರುವ ಸಾಧ್ಯತೆಯನ್ನೂ ರೆಟಿಕ್ಯುಲೋಎಂಡೋಥೀಲಿಯೋಸಿಸ್ ಸಾಧ್ಯತೆಯನ್ನೂ ಪರಿಶೀಲಿಸಬೇಕಾಗುತ್ತದೆ.

(ಈ) ಎಲ್ಲ ಪ್ರತಿಕಾಯಗಳೂ ಋಣಾತ್ಮಕ: ಇದರರ್ಥ ರೋಗವಿಲ್ಲ ಎಂದಲ್ಲ. ಕೊಳೆತ ಅಥವಾ ಅತಿಯಾಗಿ ಫಾರ್ಮಲಿನ್‌ನಲ್ಲಿ ಉಳಿದ ಮಾದರಿಯೂ ಹೀಗೆಯೇ ತೋರುತ್ತದೆ. ಹೊಸ ಮಾದರಿ ನೀಡುವುದು ಸೂಕ್ತ.

ಗಡ್ಡೆಯೊಳಗೆ ಸಹಜ ರಕ್ಷಣಾ ಕೋಶಗಳೂ ಸೇರಿಕೊಂಡಿರುತ್ತವೆ. ಮ್ಯಾರೆಕ್ಸ್ ಗಡ್ಡೆಯಲ್ಲಿ ಕೆಲವು ಬಿ ಜೀವಕೋಶಗಳು ಕಂಡುಬಂದ ಮಾತ್ರಕ್ಕೆ ನಿರ್ಣಯ ಬದಲಾಗುವುದಿಲ್ಲ. ಬಹುಪಾಲು ಜೀವಕೋಶಗಳು ಯಾವ ಬಗೆಯವು ಎಂಬುದನ್ನು ರೋಗಶಾಸ್ತ್ರಜ್ಞರು ಪರಿಗಣಿಸುತ್ತಾರೆ.

10. ಇತರ ಪರೀಕ್ಷೆಗಳು ಮತ್ತು ಅವುಗಳ ಮಿತಿ

ಮ್ಯಾರೆಕ್ಸ್ ವೈರಾಣು ಕೋಳಿ ಸಾಕಾಣಿಕೆ ಇರುವೆಡೆಯಲ್ಲೆಲ್ಲಾ ವ್ಯಾಪಕವಾಗಿದೆ. ಲಸಿಕೆಯು ಗಡ್ಡೆಯನ್ನು ತಡೆಯುತ್ತದೆಯೇ ಹೊರತು ಸೋಂಕನ್ನು ಸಂಪೂರ್ಣವಾಗಿ ತಡೆಯುವುದಿಲ್ಲ. ಆದುದರಿಂದ ಆರೋಗ್ಯವಂತ ಕೋಳಿಯಲ್ಲಿಯೂ ವೈರಾಣು ಇರಬಹುದು. ಪಿ.ಸಿ.ಆರ್. ಧನಾತ್ಮಕ ಎಂಬ ಒಂದೇ ಮಾತಿನಿಂದ ಗಡ್ಡೆಗೆ ಅದೇ ಕಾರಣ ಎಂದು ತೀರ್ಮಾನಿಸಲಾಗದು. ಗಡ್ಡೆಯಲ್ಲಿ ವೈರಾಣುವಿನ ಪ್ರಮಾಣವನ್ನು ಅಳೆಯುವ ಪಿ.ಸಿ.ಆರ್. ಹೆಚ್ಚು ಉಪಯುಕ್ತ, ಏಕೆಂದರೆ ಮ್ಯಾರೆಕ್ಸ್ ಗಡ್ಡೆಯಲ್ಲಿ ಆ ಪ್ರಮಾಣ ಸೋಂಕು ಮಾತ್ರವಿರುವ ಅಂಗಾಂಶಕ್ಕಿಂತ ಬಹಳ ಹೆಚ್ಚಿರುತ್ತದೆ.

ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಯನ್ನು ಮತ್ತು ಅಂಗಾಂಶದ ಮೇಲಿನ ಪ್ರತಿಕಾಯ ವರ್ಣಪರೀಕ್ಷೆಯನ್ನು ಒಂದೇ ಎಂದು ಭಾವಿಸಬಾರದು. ಮೊದಲನೆಯದು ಕೋಳಿಯೇ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಲಸಿಕೆ ಪಡೆದ ಹಿಂಡಿನಲ್ಲಿಯೂ ಸಹಜ ಸೋಂಕಿನ ಹಿಂಡಿನಲ್ಲಿಯೂ ಇದು ಕಂಡುಬರುವುದರಿಂದ ಗಡ್ಡೆಯ ನಿರ್ಣಯಕ್ಕೆ ಸಹಾಯವಾಗದು. ಎರಡನೆಯದರಲ್ಲಿ ಸಿದ್ಧ ಪ್ರತಿಕಾಯವನ್ನು ಸಾಧನವಾಗಿ ಬಳಸಿ ಗಡ್ಡೆಯ ಜೀವಕೋಶವನ್ನೇ ಗುರುತಿಸಲಾಗುತ್ತದೆ.

11. ವರದಿ ಬಂದ ನಂತರ ಕೈಗೊಳ್ಳಬೇಕಾದ ಕ್ರಮಗಳು

11.1 ಮ್ಯಾರೆಕ್ಸ್ ದೃಢಪಟ್ಟಲ್ಲಿ

- ಮರಿಗಳಿಗೆ ಹುಟ್ಟಿದ ದಿನವೇ ಲಸಿಕೆ ಹಾಕಿರುವುದನ್ನು ಖಚಿತಪಡಿಸಿಕೊಳ್ಳುವುದು. ಜೀವಕೋಶಸಹಿತ ಲಸಿಕೆಗಳನ್ನು ದ್ರವ ಸಾರಜನಕದಲ್ಲಿ ಸಂಗ್ರಹಿಸಬೇಕಾಗಿದ್ದು, ಕರಗಿಸಿದ ನಂತರ ತಯಾರಕರು ಸೂಚಿಸಿದ ಅಲ್ಪಾವಧಿಯೊಳಗೆ ಬಳಸದಿದ್ದಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ.
- ಲಸಿಕೆಯ ರಕ್ಷಣೆ ಮೂಡಲು ಸುಮಾರು ಒಂದು ವಾರ ಬೇಕಾಗುತ್ತದೆ. ಆ ಅವಧಿಯಲ್ಲಿ ಮರಿಗಳನ್ನು ದೊಡ್ಡ ಕೋಳಿಗಳಿಂದ ಮತ್ತು ಅವುಗಳ ಧೂಳಿನಿಂದ ಸಂಪೂರ್ಣ ದೂರವಿಡುವುದು.
- ಹಳೆಯ ಹೊಟ್ಟಿನ ಹಾಸು, ಗರಿ ಮತ್ತು ಧೂಳನ್ನು ಪೂರ್ಣವಾಗಿ ತೆಗೆದು, ತೊಳೆದು, ಸೋಂಕುನಿವಾರಕ ಸಿಂಪಡಿಸಿ, ಶೆಡ್ಡನ್ನು ಖಾಲಿ ಬಿಟ್ಟ ನಂತರವೇ ಹೊಸ ಮರಿಗಳನ್ನು ತರುವುದು. ಬೇರೆ ಬೇರೆ ವಯಸ್ಸಿನ ಹಿಂಡುಗಳನ್ನು ಒಂದೇ ಶೆಡ್ಡಿನಲ್ಲಿ ಇಡದಿರುವುದು.

11.2 ಲಿಂಫಾಯ್ಡ್ ಲ್ಯುಕೋಸಿಸ್ ದೃಢಪಟ್ಟಲ್ಲಿ

- ಮರಿ ಪೂರೈಸಿದ ಕೇಂದ್ರಕ್ಕೆ ವರದಿಯ ಪ್ರತಿಯನ್ನು ಲಿಖಿತವಾಗಿ ತಲುಪಿಸಿ ಸ್ವೀಕೃತಿ ಪಡೆಯುವುದು.
- ಆ ಹಿಂಡಿನ ಮೊಟ್ಟೆಗಳನ್ನು ಮರಿ ಮಾಡಿಸಲು ಬಳಸದಿರುವುದು. ನಾಟಿ ಕೋಳಿಗಳನ್ನು ಕಾವು ಕೂರಿಸುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

11.3 ಎರಡೂ ಸಂದರ್ಭಗಳಲ್ಲಿ ಸತ್ತ ಕೋಳಿಗಳನ್ನು ಬಯಲಿನಲ್ಲಾಗಲಿ ಕೆರೆಯ ಅಂಗಳದಲ್ಲಾಗಲಿ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಅಥವಾ ಸುಡುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಸಿಕೆ ಹಾಕಿಸಿದ್ದರೂ ಮ್ಯಾರೆಕ್ಸ್ ರೋಗ ಬರಬಹುದೇ?
ಉತ್ತರ: ಬರಬಹುದು. ಲಸಿಕೆ ಕೆಟ್ಟಿರುವುದು, ಪ್ರಮಾಣ ಕಡಿಮೆಯಾಗಿರುವುದು, ರಕ್ಷಣೆ ಮೂಡುವ ಮುನ್ನವೇ ಸೋಂಕು ತಗಲಿರುವುದು, ವೈರಾಣುವಿನ ತಳಿ ಉಗ್ರವಾಗಿರುವುದು ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಕಾರಣ ಯಾವುದು ಎಂಬುದನ್ನು ವರ್ಣಪರೀಕ್ಷೆಯೊಂದೇ ತಿಳಿಸುವುದಿಲ್ಲ. ಲಸಿಕೆಯ ದಾಖಲೆಗಳೂ ಬೇಕಾಗುತ್ತವೆ.

ಪ್ರಶ್ನೆ: ಈ ರೋಗಗಳು ಮನುಷ್ಯರಿಗೆ ಹರಡುತ್ತವೆಯೇ?
ಉತ್ತರ: ಮ್ಯಾರೆಕ್ಸ್ ಅಥವಾ ಲ್ಯುಕೋಸಿಸ್ ವೈರಾಣುಗಳು ಮನುಷ್ಯರಿಗೆ ರೋಗ ಉಂಟುಮಾಡುತ್ತವೆ ಎಂಬುದಕ್ಕೆ ಆಧಾರವಿಲ್ಲ. ಆದಾಗ್ಯೂ ಗಡ್ಡೆಯಿರುವ ಹಾಗೂ ಸೊರಗಿದ ಕೋಳಿಗಳು ಆಹಾರಕ್ಕೆ ಯೋಗ್ಯವಲ್ಲ. ಅವುಗಳನ್ನು ಮಾರಾಟ ಮಾಡಕೂಡದು.

ಪ್ರಶ್ನೆ: ಒಂದು ಕೋಳಿಯನ್ನು ಪರೀಕ್ಷಿಸಿದರೆ ಸಾಕೇ?
ಉತ್ತರ: ಸಾಲದು. ಒಂದೇ ಹಿಂಡಿನಲ್ಲಿ ಎರಡು ರೋಗಗಳು ಒಟ್ಟಿಗೆ ಇರುವ ಸಾಧ್ಯತೆಯೂ ಉಂಟು. ಹಲವು ಕೋಳಿಗಳ ಮಾದರಿ ನೀಡುವುದು ಕ್ಷೇಮ.

ಪ್ರಶ್ನೆ: ಕಡಿಮೆ ಸಂಖ್ಯೆಯ ಹಿತ್ತಲ ಕೋಳಿಗಳಿಗೂ ಈ ಪರೀಕ್ಷೆ ಮಾಡಿಸಬೇಕೇ?
ಉತ್ತರ: ಪ್ರತಿ ಬಾರಿಯೂ ಅಗತ್ಯವಿಲ್ಲ. ವಯಸ್ಸು, ನರಗಳ ಊತ, ಬರ್ಸಾದ ಸ್ಥಿತಿ ಮತ್ತು ಸಾಮಾನ್ಯ ಸೂಕ್ಷ್ಮದರ್ಶಕ ಪರೀಕ್ಷೆಯಿಂದಲೇ ಅನೇಕ ಪ್ರಕರಣಗಳಲ್ಲಿ ನಿರ್ಣಯ ಸಾಧ್ಯ. ಇವುಗಳಿಂದ ಸಂಶಯ ಪರಿಹಾರವಾಗದಿದ್ದಾಗ ಅಥವಾ ನಷ್ಟದ ಹೊಣೆಯ ಪ್ರಶ್ನೆ ಇದ್ದಾಗ ವರ್ಣಪರೀಕ್ಷೆಗೆ ಮನವಿ ಸಲ್ಲಿಸಬಹುದು.

13. ಸೂಚನೆ

ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಪ್ರತಿಯೊಂದು ಪ್ರಕರಣದಲ್ಲಿ ಪಶುವೈದ್ಯಾಧಿಕಾರಿಗಳ ಹಾಗೂ ರೋಗಶಾಸ್ತ್ರಜ್ಞರ ಅಭಿಪ್ರಾಯವೇ ಅಂತಿಮ. ಮರಿ ಖರೀದಿಯ ರಸೀದಿ, ಲಸಿಕೆಯ ಬ್ಯಾಚ್ ವಿವರ ಮತ್ತು ದಿನವಾರು ಸಾವಿನ ಲೆಕ್ಕವನ್ನು ಮೊದಲ ದಿನದಿಂದಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಎಲ್ಲ ಸಾಕಾಣಿಕೆದಾರರಲ್ಲಿ ಕೋರಲಾಗಿದೆ. ರೋಗ ಬಂದ ನಂತರ ಇವುಗಳನ್ನು ಹುಡುಕಿ ಜೋಡಿಸುವುದು ಕಷ್ಟಸಾಧ್ಯ. ಈ ದಾಖಲೆಗಳಿಲ್ಲದಿದ್ದಲ್ಲಿ ಪ್ರಯೋಗಾಲಯದ ವರದಿಯು ರೋಗದ ಹೆಸರನ್ನು ಹೇಳಬಲ್ಲದೇ ಹೊರತು, ಅದು ಹಿಂಡಿಗೆ ಹೇಗೆ ಬಂದಿತೆಂಬುದನ್ನು ಹೇಳಲಾರದು.